ಕರೆಯುವ ಬಾಯಿಗೆ ತಕ್ಕ ಹೆಸರು

ಕಳೆದ ದಸರೆಯ ರಜೆಯನ್ನು ಓದಿನಲ್ಲಿಯೇ ಕಳೆಯಬೇಕೆಂದು ನಿಶ್ಚಯಿಸಿ ಒಂದು ಚೀಲ ಪುಸ್ತಕ ಹೊತ್ತುಕೊಂಡು ಊರಿಗೆ ಹೋಗಿದ್ದೆ. ಚೀಲದ ಬಾಯಿ ಬಿಚ್ಚಲೂ ಆಗಲಿಲ್ಲ. ಮನೆಯಲ್ಲಿ ಅಕ್ಕನ ಬಾಣಂತನ. ತೊಟ್ಟಿಲಲ್ಲಿ ಹದಿನೈದು ದಿನದ ಹೆಣ್ಣುಕೂಸು. ನಾಮಕರಣಕ್ಕೆ ಇನ್ನು ಹತ್ತೇ ದಿನ. ಕೂಸಿಗೆ ಏನು ಹೆಸರಿಡಬೇಕೆಂಬ ಪ್ರಶ್ನೆ ಹಜಾರದಲ್ಲಿ ಹುಟ್ಟಿ, ಅಡಿಗೆಮನೆಯಲ್ಲಿ ಬೆಳೆದು, ಹಿತ್ತಿಲಿನಲ್ಲಿ ಜಗಳವಾಗುತ್ತಿತ್ತು. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದೇನೆಂಬ ಒಂದೇ ಅಪರಾಧಕ್ಕಾಗಿ ನನ್ನನ್ನು ನ್ಯಾಯಪೀಠದಲ್ಲಿ ಕೂರಿಸಿದರು. ಆ ಹತ್ತು ದಿನಗಳಲ್ಲಿ ನನಗೆ ಹೊಳೆದ ಒಂದು ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಕ್ಷಿದಾರರ ಪರಿಚಯವಾಗಬೇಕು. ನಮ್ಮದು ಮಂಡ್ಯದ ಕಡೆಯ ಹಳ್ಳಿ. ನಮ್ಮ ಭಾವನವರದು ಬೆಳಗಾವಿ ಜಿಲ್ಲೆ, ಅಥಣಿಯ ಕಡೆ, ಕೃಷ್ಣಾತೀರ. ಇಬ್ಬರೂ ಬೆಂಗಳೂರಿನಲ್ಲಿ ಒಂದೇ ಕಡೆ ಕೆಲಸಕ್ಕಿದ್ದು, ತಾವಾಗಿಯೇ ಮೆಚ್ಚಿ ಮದುವೆಯಾದವರು. 1956ರ ನವೆಂಬರ್ 1ರಂದು ಏಕೀಕರಣವಾಯಿತೆಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದು ನಕ್ಷೆಯಲ್ಲಿ ಆದದ್ದು. ನಾಲಗೆಯ ಏಕೀಕರಣ ಒಂದೊಂದು ಮನೆಯಲ್ಲಿ ಈಗಲೂ ನಡೆಯುತ್ತಿದೆ. ಅಕ್ಕನ ಮದುವೆಯಲ್ಲಿ ಬೀಗರು ‘ಚಾ ತಗೋರಿ’ ಎಂದರೆ ನಮ್ಮ ಕಡೆಯ ಮುದುಕರು ‘ನಮ್ಗೆ ಆಲೇ ಸಾಕು’ ಎನ್ನುತ್ತಿದ್ದರು. ಆ ‘ಆಲು’ ಯಾವ ಪದಾರ್ಥವೆಂದು ಬೀಗರಿಗೆ ತಿಳಿಯಲಿಲ್ಲ. ಆಲೂಗಡ್ಡೆಯೆಂದು ತಿಳಿದು ಪಲ್ಯದ ಪಾತ್ರೆ ತಂದರು!

ಹೆಸರಿನ ವಿಚಾರದಲ್ಲಿ ಮೊದಲನೆಯ ತೊಡಕನ್ನು ತಂದೊಡ್ಡಿದ್ದು ಪಂಚಾಂಗ. ಕೂಸು ಹುಟ್ಟಿದ್ದು ಹಸ್ತಾ ನಕ್ಷತ್ರ, ಮೂರನೆಯ ಪಾದ. ಹಸ್ತಾ ನಕ್ಷತ್ರದ ನಾಲ್ಕು ಪಾದಗಳಿಗೆ ಪು, ಷ, ಣ, ಠ ಎಂಬ ಅಕ್ಷರಗಳು. ಮೂರನೆಯದು ಣಕಾರ. ಣಕಾರದಿಂದ ಮೊದಲಾಗುವ ಹೆಣ್ಣು ಹೆಸರೊಂದು ನಮ್ಮ ವಾಚಕರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ಪುರೋಹಿತರು ಉದಾರಿಗಳು, ಣಕಾರಕ್ಕೆ ನಕಾರ ನಡೆಯುತ್ತದೆಂದರು. ‘ಣ ಅಂದ್ರೂ ನ ಅಂದ್ರೂ ನಮ್ ಬಾಯಲ್ಲಿ ಒಂದೇ ಕಣಪ್ಪ’ ಎಂದು ನಮ್ಮ ತಾಯಿ ಅದನ್ನು ಅನುಮೋದಿಸಿದರು. ಅಕ್ಕ ಮಾತ್ರ ಪಂಚಾಂಗವನ್ನು ಪಕ್ಕಕ್ಕಿಟ್ಟಳು.

ಅಕ್ಕನ ಮನಸ್ಸಿನಲ್ಲಿ ‘ಪ್ರಜ್ಞಾ’ ಎಂಬ ಹೆಸರು ಬಹುದಿನದಿಂದ ಕುಳಿತಿತ್ತು. ಸುಂದರವಾದ ಹೆಸರೇ. ಆದರೆ ಜ್ಞ ಎಂಬ ಈ ಅಕ್ಷರವಿದೆಯಲ್ಲ, ಇಡೀ ಭಾರತದ ವರ್ಣಮಾಲೆಯಲ್ಲಿ ಇದರಷ್ಟು ವೇಷಧಾರಿ ಇನ್ನೊಂದಿಲ್ಲ. ಬರೆಯುವಾಗ ಜಕಾರಕ್ಕೆ ಞಕಾರ ಸೇರಿದ್ದು. ಹೇಳುವಾಗ ನಮ್ಮ ಕಡೆಯವರು ‘ಪ್ರಗ್ನಾ’ ಎನ್ನುತ್ತಾರೆ. ಮರಾಠಿಯ ನೆರೆಯಲ್ಲಿ ಬೆಳೆದ ಭಾವನ ತಾಯಿ ದೂರವಾಣಿಯಲ್ಲಿ ‘ಪ್ರದ್ನ್ಯಾ’ ಎಂದರು. ಹಿಂದಿಯವರಾದ ಭಾವನ ಮೇಲಧಿಕಾರಿಗಳು ‘ಪ್ರಗ್ಯಾ’ ಎಂದರಂತೆ. ನಮ್ಮ ತಾಯಿ ಎರಡು ಸಲ ಪ್ರಯತ್ನಿಸಿ ‘ಪೆರಗ್ನ’ ಎಂದು, ಮೂರನೆಯ ಸಲಕ್ಕೆ ಸುಮ್ಮನಾದರು. ಒಂದೇ ಕೂಸು, ಹೆಸರುಗಳು ನಾಲ್ಕು! ಇವುಗಳಲ್ಲಿ ಯಾವುದು ತಪ್ಪು ಎಂದು ಅಕ್ಕ ನನ್ನನ್ನು ಕೇಳಿದಳು. ಯಾವುದೂ ತಪ್ಪಲ್ಲವೆಂದೆ. ಹಾಗಾದರೆ ಕನ್ನಡ ಐಚ್ಛಿಕ ಓದಿ ಏನು ಪ್ರಯೋಜನ ಎಂದಳು.

ಆಮೇಲೆ ‘ಧೃತಿ’ ಬಂತು. ಧೃತಿಯೆಂದರೆ ಸ್ಥೈರ್ಯ, ಅಲುಗದಿರುವುದು. ನಮ್ಮ ಕಡೆ ಮಹಾಪ್ರಾಣಕ್ಕೆ ಪ್ರಾಣವಿಲ್ಲ, ಧಕಾರವೆಲ್ಲ ದಕಾರ. ಧೃತಿ ‘ದ್ರುತಿ’ಯಾಯಿತು. ಸಂಸ್ಕೃತದಲ್ಲಿ ದ್ರುತಿಯೆಂದರೆ ಕರಗುವುದು, ಹರಿಯುವುದು! ಒಂದು ಉಸಿರು ಕಡಮೆಯಾದ ಮಾತ್ರಕ್ಕೆ ಅಚಲೆಯಾದ ಕೂಸು ನೀರಾಗಿ ಹರಿದುಹೋಯಿತು. ‘ಛಾಯಾ’ ಎಂದರು, ಅದು ‘ಚಾಯ’ ಆಗಿ, ಬೀಗರ ಮನೆಯ ಚಹಾದ ನೆನಪು ತಂದಿತು. ಭಾವನ ತಂದೆ ತಮ್ಮ ಜಿಲ್ಲೆಯ ಹೊಳೆಯಾಗಲಿ ಎಂದು ‘ಮಲಪ್ರಭಾ’ ಸೂಚಿಸಿದರು. ನಮ್ಮ ತಂದೆ ಕೂಡಲೇ ‘ಕಾವೇರಿ’ಯನ್ನು ಮುಂದೊಡ್ಡಿದರು. ಈ ನಾಡಿನಲ್ಲಿ ನದಿಗಳ ವಿಚಾರವೆತ್ತಿದರೆ ವ್ಯಾಜ್ಯ ಬೇಗ ಮುಗಿಯುವುದಿಲ್ಲವೆಂದು ಎಲ್ಲರೂ ಬಲ್ಲರು, ಎರಡನ್ನೂ ಬಿಟ್ಟರು. ಆಗಾಗ ಭಾವ, ‘ಅವಸರ ಯಾಕ್ರಿ? ಹೆಸರಿಲ್ಲದ ಜನನ ನೋಂದಣಿ ಆಗಿರ್ತದ. 1969ರ ಕಾಯಿದೆ ಪ್ರಕಾರ ಒಂದು ವರ್ಷದೊಳಗ ಹೆಸರು ಬರಸಿದ್ರ ರೊಕ್ಕಾನೂ ಇಲ್ಲ, ದಂಡ ಕಟ್ಟಿದ್ರ ಹದಿನೈದು ವರ್ಷದ ತನಕ ನಡೀತದ’ ಎನ್ನುವರು. ನಮ್ಮ ರಾಜ್ಯಕ್ಕೇ ಕರ್ನಾಟಕವೆಂದು ಹೆಸರಿಡಲು 1973ರವರೆಗೆ, ಹದಿನೇಳು ವರ್ಷ, ಬೇಕಾಯಿತೆಂದು ನಾನು ಸೇರಿಸಿದೆ. ಈ ಹಾಸ್ಯ ಯಾರಿಗೂ ರುಚಿಸಲಿಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಇಂದು ಮಕ್ಕಳಿಗೆ ಹೆಸರು ಹುಡುಕುವವರು ಅರ್ಥವನ್ನು ನೋಡುತ್ತಾರೆ, ನಕ್ಷತ್ರವನ್ನು ನೋಡುತ್ತಾರೆ, ಬೀದಿಯಲ್ಲಿ ಇನ್ನಾರಿಗೂ ಇಲ್ಲದ್ದಾಗಿರಬೇಕೆಂದು ನೋಡುತ್ತಾರೆ. ಅಂತರಜಾಲದಲ್ಲಿ ಸಾವಿರಗಟ್ಟಲೆ ಹೆಸರುಗಳ ಪಟ್ಟಿಗಳಿವೆ. ಎದುರಿಗೆ ಅರ್ಥವೂ ಉಂಟು, ಅದರಲ್ಲಿ ಅರ್ಧ ಕಟ್ಟುಕತೆ. ಆ ಹೆಸರನ್ನು ಯಾವ ಬಾಯಿಗಳು ಕರೆಯಬೇಕಾಗಿದೆ ಎಂಬುದನ್ನು ನೋಡುವವರು ಮಾತ್ರ ತೀರ ಕಡಮೆ. ಯೋಚಿಸಿ ನೋಡಿ: ನಮ್ಮ ಹೆಸರನ್ನು ನಾವು ಎಷ್ಟು ಸಲ ಹೇಳಿಕೊಳ್ಳುತ್ತೇವೆ? ಬಸ್ಸಿನ ಪಾಸಿಗಾಗಿ, ಪರೀಕ್ಷೆಯ ಅರ್ಜಿಗಾಗಿ, ಹೊಸಬರು ಕೇಳಿದಾಗ. ಉಳಿದಂತೆ ಅದನ್ನು ಬಳಸುವವರೆಲ್ಲ ಬೇರೆಯವರು. ನಮ್ಮ ಅಂಗಿ ನಮ್ಮ ಮೈಗೆ ಸರಿಹೊಂದಬೇಕು, ನಿಜ. ಹೆಸರು ಸರಿಹೊಂದಬೇಕಾದದ್ದು ಇನ್ನೊಬ್ಬರ ನಾಲಗೆಗೆ. ಮನೆಯಲ್ಲಿ ಅತ್ಯಂತ ಹೆಚ್ಚು ಸಲ ಕರೆಯುವವರು ಅತ್ಯಂತ ಕಡಮೆ ಓದಿದವರಾಗಿರುತ್ತಾರೆ ಎಂಬುದನ್ನೂ ಮರೆಯಬಾರದು.

‘ನಾಲಗೆ ತಿದ್ದಿಕೊಳ್ಳಲಿ’ ಎನ್ನುವವರಿದ್ದಾರೆ. ಅವರಿಗೊಂದು ಮಾತು. 941ರಲ್ಲಿ ಪಂಪನು ಭಾರತ ಬರೆಯುವಾಗ ಈ ‘ಹೆಸರು’ ಎಂಬ ಶಬ್ದವೇ ಇರಲಿಲ್ಲ. ಅದು ‘ಪೆಸರ್’ ಎಂದಿತ್ತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು. ತುಟಿ ಬಿಗಿದು ಹೇಳಬೇಕಾದ ಪಕಾರ ಸಡಿಲವಾಗಿ ಬರಿಯ ಉಸಿರಾಯಿತು. ಮಂಡ್ಯದ ಮುದುಕಿ ಆ ಉಸಿರನ್ನೂ ಬಿಟ್ಟು ‘ಎಸ್ರು’ ಎಂದರೆ, ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾಳೆಯೇ ಹೊರತು ದಾರಿ ತಪ್ಪಿಲ್ಲ. ಪಕಾರ ಬಿಟ್ಟ ಪೂರ್ವಿಕರನ್ನು ನಾವು ನಡುಗನ್ನಡದ ಕಾಲದವರೆಂದು ಗೌರವದಿಂದ ಓದುತ್ತೇವೆ. ಹಕಾರ ಬಿಟ್ಟ ಅಜ್ಜಿಯನ್ನು ನೋಡಿ ನಗುತ್ತೇವೆ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಸಂಸ್ಕೃತದ ಶಬ್ದಗಳು ಕನ್ನಡಿಗರ ಬಾಯಲ್ಲಿ ಹೇಗೆ ಬದಲಾಗುತ್ತವೆಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಶಶಿ ಸಸಿಯಾದದ್ದನ್ನೂ ಯಮ ಜವನಾದದ್ದನ್ನೂ ನಾವು ತದ್ಭವವೆಂದು ಬಾಯಿಪಾಠ ಮಾಡಿ ಅಂಕ ಪಡೆಯುತ್ತೇವೆ. ಶಾರದಾ ‘ಸಾರ್ದ’ ಆದರೆ ಅದು ತದ್ಭವವಲ್ಲವಂತೆ, ಅನಾಗರಿಕತೆಯಂತೆ.

ಬಂಗಾಳವನ್ನು ನೋಡಿ. ಅಲ್ಲಿ ವಕಾರವನ್ನು ಬಕಾರವಾಗಿ ನುಡಿಯುತ್ತಾರೆ. ನಮ್ಮ ರವೀಂದ್ರ ಅಲ್ಲಿ ರಬೀಂದ್ರ, ಅರವಿಂದರು ಅರೊಬಿಂದೊ. 1913ರಲ್ಲಿ ನೊಬೆಲ್ ಬಹುಮಾನ ಬಂದದ್ದು ಆ ಬಕಾರದ ಹೆಸರಿಗೇ. ಯಾರೂ ಆ ಕವಿಯನ್ನು ಉಚ್ಚಾರ ತಿದ್ದಿಕೊಂಡು ಬಾ ಎನ್ನಲಿಲ್ಲ. ಬಂಗಾಳಿಯ ಬಾಯಲ್ಲಿ ವಕಾರ ಬಕಾರವಾದರೆ ಸಂಸ್ಕೃತಿ, ನಮ್ಮ ಅಜ್ಜಿಯ ಬಾಯಲ್ಲಿ ಹಕಾರ ಹಾರಿಹೋದರೆ ಹಾಸ್ಯ! ಇದು ಯಾವ ನ್ಯಾಯ?

ಇಷ್ಟು ಬಿಸಿಯಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಹೆಸರು ಹರ್ಷ. ನಮ್ಮ ತಂದೆಗೆ ಇತಿಹಾಸದ ಹುಚ್ಚು. ಕನೂಜಿನ ಹರ್ಷವರ್ಧನನ ಮೇಲೆ ಪ್ರೀತಿ. (ಆ ಹರ್ಷನನ್ನು ನಮ್ಮ ಇಮ್ಮಡಿ ಪುಲಕೇಶಿ ಸೋಲಿಸಿದ್ದೂ, ಅವನ ಹರ್ಷವೆಲ್ಲ ಭಯದಿಂದ ಕರಗಿತೆಂದು ರವಿಕೀರ್ತಿ 634ರ ಐಹೊಳೆಯ ಶಾಸನದಲ್ಲಿ ಶ್ಲೇಷೆ ಮಾಡಿದ್ದೂ ಅವರಿಗೆ ಹೆಸರಿಟ್ಟ ಮೇಲೆ ತಿಳಿಯಿತು. ನಮ್ಮ ಇತಿಹಾಸದ ಅಧ್ಯಾಪಕರು ಇದನ್ನು ತರಗತಿಯಲ್ಲಿ ನನಗೆ ವರ್ಷಕ್ಕೊಮ್ಮೆ ನೆನಪು ಮಾಡಿಕೊಡುತ್ತಾರೆ.) ನನ್ನನ್ನು ಸಾಕಿದವಳು ತಂದೆಯ ತಾಯಿ. ಅವಳ ಬಾಯಲ್ಲಿ ಹಕಾರವಿಲ್ಲ, ಷಕಾರವಿಲ್ಲ. ನಾನು ‘ಅರ್ಸ’ನಾದೆ. ಮೊಮ್ಮಗನಿಗೆ ಅರಸನೆಂದೇ ಹೆಸರಿಟ್ಟಿದ್ದಾರೆಂದು ಅವಳು ನಿಜವಾಗಿ ನಂಬಿದ್ದಳು. ‘ನಮ್ಮನೇಲಿ ಒಬ್ಬ ಅರ್ಸ ಅವ್ನೆ’ ಎಂದು ನೆರೆಹೊರೆಗೆಲ್ಲ ಹೇಳುತ್ತಿದ್ದಳು. ಗದ್ದೆಯ ಬದುವಿನ ಮೇಲೆ ನಿಂತು ‘ಅರ್ಸಾ’ ಎಂದು ಅವಳು ಕೂಗಿದರೆ ನಾಲೆಯ ಆಚೆಗೂ ಕೇಳಿಸುತ್ತಿತ್ತು.

ಪಿ.ಯು.ಸಿ.ಗೆ ಪಟ್ಟಣಕ್ಕೆ ಬಂದ ಮೊದಲನೆಯ ತಿಂಗಳು ಅವಳು ಒಂದು ದಿನ ನನ್ನನ್ನು ನೋಡಲು ಬಂದಳು. ಕೈಯಲ್ಲಿ ಹುರಿಹಿಟ್ಟಿನ ಡಬ್ಬಿ. ಕಾಲೇಜು ಬಿಡುವ ಹೊತ್ತು. ಬಾಗಿಲಿನಲ್ಲಿ ಹುಡುಗರ ಗುಂಪು. ಬೇವಿನ ಮರದ ಕೆಳಗೆ ನಿಂತು, ಗದ್ದೆಯಲ್ಲಿ ಕೂಗಿದಂತೆಯೇ ಕೂಗಿದಳು. ಹುಡುಗರು ನಕ್ಕರು. ಆಮೇಲೆ ಒಂದು ತಿಂಗಳು ‘ಮಹಾರಾಜರು ಬಂದರು’ ಎಂದು ನನಗೆ ದಾರಿ ಬಿಡುತ್ತಿದ್ದರು. ಅವರದು ದೊಡ್ಡ ತಪ್ಪಲ್ಲ. ದೊಡ್ಡ ತಪ್ಪು ನಾನು ಮಾಡಿದ್ದು. ಆ ಸಂಜೆ ಬಸ್ಸು ಹತ್ತಿಸುವಾಗ, ‘ನನ್ನ ಹೆಸರು ಅರ್ಸ ಅಲ್ಲ, ಹರ್ಷ. ಹೇಳಲು ಬರದಿದ್ದರೆ ಜನರೆದುರು ಕರೆಯಬೇಡ’ ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನೋಡಿದರೆ ಅಭ್ಯಾಸ ಮಾಡುತ್ತಿದ್ದಳು. ‘ಹ...ರ್ಸ’ ಎಂದು ನಿಧಾನವಾಗಿ ಹೇಳಿ ನನ್ನ ಮುಖ ನೋಡುವಳು. ಪಾಪ, ಹಕಾರ ಬಂದದ್ದೇನೋ ಬಂತು. ಬರಬಾರದ ಕಡೆಯೂ ಬರತೊಡಗಿತು. ‘ಹನ್ನ ಉಂಡ್ಯಾ?’ ಎಂದಳು ಒಂದು ದಿನ. ನಾನು ನಕ್ಕೆ. ಅಂದಿನಿಂದ ಅವಳು ನನ್ನ ಹೆಸರನ್ನು ಎತ್ತಲಿಲ್ಲ. ‘ಮಗ’ ಎನ್ನುವಳು, ಇಲ್ಲವೆ ‘ಇವ್ನೆ’ ಎನ್ನುವಳು. ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ ತೀರಿಕೊಂಡಳು. ಕೊನೆಯ ಎರಡು ವರ್ಷ ಅವಳ ಬಾಯಲ್ಲಿ ನನಗೆ ಹೆಸರಿರಲಿಲ್ಲ. ಈಗ ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ.

ಆದುದರಿಂದಲೇ ಅಕ್ಕನ ಮಗಳಿಗೆ ‘ಪ್ರಜ್ಞಾ’ ಬೇಡವೆಂದು ನಾನು ಹಟ ಹಿಡಿದದ್ದು. ಕಾರಣವನ್ನು ಅಂದು ಹೇಳಲಿಲ್ಲ. ವ್ಯಾಕರಣ ಹೇಳಿ ತಪ್ಪಿಸಿಕೊಂಡೆ.

ಈ ವಿಚಾರವನ್ನು ನಮ್ಮ ಕನ್ನಡ ವಿಭಾಗದ ಹಿರಿಯ ಅಧ್ಯಾಪಕರೊಬ್ಬರ ಮುಂದಿಟ್ಟಾಗ ಅವರು ಒಪ್ಪಲಿಲ್ಲ. ‘ನೀನು ಮೇಲುನೋಟಕ್ಕೆ ಅಜ್ಜಿಯ ಪಕ್ಷ. ಆದರೆ ಹಳ್ಳಿಯ ಬಾಯಿಗೆ ಬರುವಂಥ ಹೆಸರುಗಳನ್ನೇ ಹಳ್ಳಿಯ ಮಕ್ಕಳಿಗೆ ಇಡಬೇಕೆಂದರೆ, ಹಕಾರ ಮಹಾಪ್ರಾಣಗಳಿರುವ ಹೆಸರುಗಳೆಲ್ಲ ಯಾರ ಪಾಲಿಗೆ ಉಳಿಯುತ್ತವೆ? ಒಂದು ಕಾಲಕ್ಕೆ ಇಂಥವರು ಇಂಥ ಹೆಸರು ಇಟ್ಟುಕೊಳ್ಳಬಾರದು ಎಂದು ಹೇಳುತ್ತಿದ್ದ ಜನರಿದ್ದರು. ಅವರ ಕೆಲಸವನ್ನು ನೀನು ಪ್ರೀತಿಯಿಂದ ಮಾಡುತ್ತಿದ್ದೀಯೆ’ ಎಂದರು. ಈ ಮಾತು ನನ್ನನ್ನು ಒಂದು ವಾರ ಕಾಡಿತು. ಅದರಲ್ಲಿ ಸತ್ಯವಿದೆ. ನಮ್ಮ ತಂದೆ ನನಗೆ ಆ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿ ಇದ್ದದ್ದೂ ಅದೇ ಛಲವಿರಬಹುದು. ಹೆಸರನ್ನು ನಿಷೇಧಿಸುವ ಅಧಿಕಾರ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. ನಾನು ಕೇಳುವುದಿಷ್ಟೆ: ದೊಡ್ಡ ಹೆಸರನ್ನು ಇಡುವುದಾದರೆ ಅದು ಚಿಕ್ಕ ಬಾಯಲ್ಲಿ ಹೇಗೆ ಬಂದರೂ ಅದನ್ನು ಹೆಸರೆಂದೇ ಒಪ್ಪಿಕೊಳ್ಳುವ ಮನಸ್ಸೂ ಇರಬೇಕು. ಅಷ್ಟು ಮನಸ್ಸು ನನಗಿರಲಿಲ್ಲ. ನಮ್ಮ ಕಾಲೇಜಿನ ಎಷ್ಟು ಮಂದಿಗೆ ಇದೆಯೋ ನಾನು ಹೇಳಲಾರೆ. ಹಾಜರಿ ಕರೆಯುವ ಹೊತ್ತಿನಲ್ಲಿ ಹಿಂದಿನ ಬೆಂಚುಗಳಿಂದ ಬರುವ ನಗೆಯನ್ನು ಕೇಳಿದವರಿಗೆ ಉತ್ತರ ಗೊತ್ತು.

ಕಡೆಗೆ ಹೆಸರು ಹೊಳೆದದ್ದು ನನಗಲ್ಲ, ನಮ್ಮ ತಾಯಿಗೆ. ಪುರೋಹಿತರು ಕೊಟ್ಟ ನಕಾರವನ್ನು ಹಿಡಿದುಕೊಂಡು ‘ನೀಲ’ ಎಂದರು. ಮೊದಲು ಯಾರೂ ಗಮನಿಸಲಿಲ್ಲ. ಅದು ಶನಿಯ ಕಲ್ಲಿನ ಹೆಸರೆಂದು ನಮ್ಮ ತಂದೆ, ಕಪ್ಪಗಿರುವ ಕೂಸಿಗೆ ಬೇಕೆಂದೇ ಇಟ್ಟಂತಾಗುತ್ತದೆಂದು ಅಕ್ಕ. ಆದರೆ ಸುದ್ದಿ ಅಥಣಿಗೆ ಮುಟ್ಟಿದಾಗ ಅಲ್ಲಿಂದ ಬಂದ ಉತ್ತರವೇ ಬೇರೆ. ಬಸವಣ್ಣನವರ ಮಡದಿ, ಸ್ವತಃ ವಚನಗಳನ್ನು ಬರೆದ ನೀಲಾಂಬಿಕೆಯ ಹೆಸರು; ಅವರ ಕಡೆ ನೀಲವ್ವಂದಿರು ಓಣಿಗೊಬ್ಬರು! ನಮ್ಮ ತಾಯಿಗೆ ಆ ವಚನಕಾರ್ತಿಯ ವಿಷಯ ತಿಳಿಯದು. ಅವರಿಗೆ ತಿಳಿದಿದ್ದದ್ದು ತಂಬೂರಿ ಹಿಡಿದು ಮಂಟೇಸ್ವಾಮಿಯ ಕತೆ ಹಾಡುತ್ತ ನಮ್ಮ ಹಳ್ಳಿಗಳಿಗೆ ಬರುವ ನೀಲಗಾರರು, ಅವರ ಹಾಡಿನಲ್ಲಿ ಬರುವ ಕಲ್ಯಾಣ ಪಟ್ಟಣದ ನೀಲಮ್ಮ. ಆ ನೀಲಮ್ಮನೂ ಬಸವಣ್ಣನವರ ಮಡದಿಯೇ. ಒಬ್ಬಳೇ ಹೆಣ್ಣುಮಗಳು ಉತ್ತರದವರಿಗೆ ವಚನದಲ್ಲಿಯೂ ನಮಗೆ ತಂಬೂರಿಯಲ್ಲಿಯೂ ಪರಿಚಯವಾಗಿದ್ದಾಳೆಂಬುದನ್ನು, ಐಚ್ಛಿಕ ಕನ್ನಡದವನಾದ ನಾನು ಎರಡು ದಿನ ತಡವಾಗಿ ಕಂಡುಕೊಂಡೆ.

ಉಚ್ಚಾರದ ದೃಷ್ಟಿಯಿಂದ ನೋಡಿದರೂ ಆ ಹೆಸರಿನಲ್ಲಿ ಜಾರುವ ಜಾಗವೇ ಇಲ್ಲ. ಹಕಾರವಿಲ್ಲ, ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ. ನಕಾರ, ಲಕಾರ ಯಾರ ಬಾಯಿಗೆ ಬರುವುದಿಲ್ಲ? ನೆರೆಮನೆಯ ತಮಿಳರೂ ಹೇಳಿಯಾರು, ಬಂಗಾಳಿಯೂ ಹೇಳಿಯಾನು. ಇಂಗ್ಲಿಷ್ ಅಕ್ಷರಗಳ ಕಾಟವೂ ಇಲ್ಲ. ‘ಲತಾ’ ಎಂಬ ಹೆಸರಿದ್ದರೆ ನಮ್ಮ ಕಡೆ ತಕಾರಕ್ಕೆ ಟಿ ಮತ್ತು ಎಚ್ ಎರಡನ್ನೂ ಬರೆಯುತ್ತೇವೆ, ಅವರ ಕಡೆ ಬರಿಯ ಟಿ. ಶಾಲೆಯ ದಾಖಲೆ ಒಂದು ರೀತಿ, ಬ್ಯಾಂಕಿನ ದಾಖಲೆ ಇನ್ನೊಂದು ರೀತಿಯಾಗಿ ಜೀವನವೆಲ್ಲ ಪ್ರಮಾಣಪತ್ರಕ್ಕೆ ಅಲೆಯಬೇಕು. ಇಷ್ಟಾದರೂ ಹೆಸರು ಬದಲಾಗದೆ ಇರುವುದಿಲ್ಲ. ಅವರಲ್ಲಿ ನೀಲವ್ವ, ನಮ್ಮಲ್ಲಿ ನೀಲಿ, ನೀಲಮ್ಮ. ಆದರೆ ಇವು ಒಂದೇ ಗಿಡದ ಕೊಂಬೆಗಳು. ಯಾವುದಕ್ಕೂ ಯಾರೂ ನಾಚಬೇಕಾಗಿಲ್ಲ.

ಅಕ್ಕ ಒಪ್ಪಿದಳು; ಮನಸಾರೆ ಅಲ್ಲ. ‘ನಿನ್ನ ಮಗಳು ಹುಟ್ಟಿದಾಗ ನೋಡ್ತೀನಿ, ಆಗ ಯಾವ ಅಜ್ಜಿಯ ನಾಲಗೆ ಅಳೀತೀಯ ಅಂತ’ ಎಂದಳು. ಈಗಲೂ ಕೂಸನ್ನು ಆಡಿಸುವಾಗ ಒಬ್ಬಳೇ ಇದ್ದರೆ ‘ಪ್ರಜ್ಞಾ’ ಎನ್ನುತ್ತಾಳೆಂದು ನನಗೆ ಅನುಮಾನ. ಅನ್ನಲಿ. ಅವಳದೂ ಕರೆಯುವ ಬಾಯಿಯೇ ಅಲ್ಲವೇ.

ನಾಮಕರಣದ ದಿನ ಬೀಗರು ರಾತ್ರಿಯ ರೈಲಿನಲ್ಲಿ ಬಂದಿಳಿದರು. ಅವರ ಪದ್ಧತಿಯಂತೆ ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದತೊಡಗಿದರು. ಇದನ್ನು ಎಂದೂ ನೋಡದ ನಮ್ಮ ಕಡೆಯ ಮುದುಕಿಯರು ಜಗಳವೇ ಹತ್ತಿತೆಂದು ಬಿಡಿಸಲು ಓಡಿದರು. ಗಲಾಟೆಗೆ ಎಚ್ಚೆತ್ತ ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಅಂತೂ ಹೆಸರು ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

ಊಟವಾದ ಮೇಲೆ ಭಾವನ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತು ದಾಟಿದವರು, ಹಲ್ಲಿಲ್ಲ. ನಾನು ಎಲೆ ಅಡಿಕೆಯ ತಟ್ಟೆ ತಂದಿಟ್ಟೆ. ‘ನೀ ಸ್ವಾದರಮಾವ ಅಲ್ಲೇನು? ನಿನ್ನ ಹೆಸರೇನಪಾ?’ ಎಂದು ಕೇಳಿದರು.

‘ಅರ್ಸ’ ಎಂದೆ.

‘ಅರಸಪ್ಪ!’ ಎಂದರು ಅಜ್ಜಿ. ‘ಚೊಲೋ ಹೆಸರು. ಒಂದೀಟು ಸುಣ್ಣ ತಾ, ಅರಸಪ್ಪ.’